ಗಜಕ್ಕೆ ಮೂರು ನೂಲಿನ ಇಳಿಜಾರು

"ಇದು ಆಗುವ ಹೋಗುವ ಮಾತಲ್ಲ ಮಾಸ್ಟ್ರೇ" ಎಂದು ಮೊದಲು ಹೇಳಿದವರು ಗಾರೆಕೆಲಸದ ಬಾಬು ಮೇಸ್ತ್ರಿ. 1961ರ ಸೆಪ್ಟೆಂಬರ್ ತಿಂಗಳು. ಬಂಟ್ವಾಳದ ಹೊಳೆಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ನಾನು ಆಗ ಕಾರ್ಮಿಕ ಕಲ್ಯಾಣಾಧಿಕಾರಿ. ಮೇಸ್ತ್ರಿ ನಮ್ಮ ಕಚೇರಿಯ ಜಗಲಿಯಲ್ಲಿ ಕುಳಿತು ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದರು. "ಹಂಚು ತಟ್ಟಿ ನೋಡುವವ ದೊರೆಗಳಿಗೆ ಆಟ ಕಲಿಸುವುದಾ? ಅದಕ್ಕೊಂದು ಸರ್ಟಿಫಿಕೇಟ್ ಬೇರೆ! ನೀವು ಬಿ.ಎ. ಮಾಡಿದ್ದೀರಿ, ಒಪ್ಪುವ. ಎಲ್ಲರಿಂದ ಆಗ್ತದಾ ಅದು?"

ಅವರು ಹೇಳುತ್ತಿದ್ದದ್ದು ಸ್ವಂತ ಅಳಿಯನ ಬಗ್ಗೆ, ತಂಗಿಯ ಮಗ ಮೋನಪ್ಪನ ಬಗ್ಗೆ. ಅವರದು ಅಳಿಯಕಟ್ಟಿನ ಮನೆ. ಅಲ್ಲಿ ಸೋದರಮಾವ ಬೇಡವೆಂದರೆ ಮುಗಿಯಿತು. ಮಾವ ಬೇಡವೆನ್ನಲಿಲ್ಲ. ಆಗುವುದಿಲ್ಲ ಎಂದಷ್ಟೇ ಹೇಳಿದರು. ನಾನು ಆ ಸಂದಿಯಲ್ಲೇ ನುಸುಳಿದೆ.

ನನ್ನ ಬಿ.ಎ. ವಿಚಾರ ಇಲ್ಲಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನನ್ನ ತಂದೆ ಲಾಯಿಲದಿಂದ ಮುಂಡಾಜೆ, ಚಾರ್ಮಾಡಿಯ ಕಡೆಗೆ ಎತ್ತಿನ ಗಾಡಿ ಹೊಡೆಯುತ್ತಿದ್ದವರು, ಹೆಬ್ಬೆಟ್ಟು ಒತ್ತುವವರು. ನಾನು ಮಂಗಳೂರಿನಲ್ಲಿ ಒಂದು ಹೋಟೆಲಿನ ಲೋಟ ತೊಳೆದು, ಹತ್ತು ಗಂಟೆಗೆ ಒದ್ದೆ ಕೈಯಲ್ಲೇ ಕಾಲೇಜಿಗೆ ಓಡಿ, ಇಂಗ್ಲಿಷಿನಲ್ಲಿ ಒಮ್ಮೆ ಫೇಲಾಗಿ, 1955ರಲ್ಲಿ ಪದವಿ ಪಡೆದೆ. ನಮ್ಮ ಕುಟುಂಬದಲ್ಲಿ ಅದು ಮೊದಲನೆಯದು. ನನಗೆ ಅದರ ಹೆಮ್ಮೆ ಇತ್ತು, ಈಗಲೂ ಇದೆ. ಹೆಮ್ಮೆಯಿಂದ ಕಿವಿ ಮಂದವಾಗುತ್ತದೆ ಎಂಬುದು ಮಾತ್ರ ಆಗ ಗೊತ್ತಿರಲಿಲ್ಲ.

ಮೂಡುಬಿದಿರೆಯ ಶಾಲೆಯೊಂದರಲ್ಲಿ ಮೂರು ವರ್ಷ ಡ್ರಿಲ್ ಮಾಸ್ಟರ್ ಆಗಿದ್ದಾಗ ಆ ಊರಿನವರೇ ಆದ ಕಾರ್ಖಾನೆಯ ಧಣಿಗಳು ನನ್ನನ್ನು ಕರೆದು ಕೆಲಸ ಕೊಟ್ಟರು. ಕಾರ್ಖಾನೆಯನ್ನು ಅವರು ಒಬ್ಬ ಬಿಳಿಯನಿಂದ ಕೊಂಡಿದ್ದರು. ಆತ ಕಾರ್ಖಾನೆಯ ಹಿಂದಿನ ಕೆಂಪುಕಲ್ಲಿನ ಪದವಿನಲ್ಲಿ, ಅಂದರೆ ಗುಡ್ಡದ ಮೇಲಿನ ಬಯಲಿನಲ್ಲಿ, ಐದು ಗುಳಿಗಳ ಒಂದು ಗಾಲ್ಫ್ ಮೈದಾನ ಬಿಟ್ಟುಹೋಗಿದ್ದ. ಹಂಚು ಕೊಳ್ಳಲು ಬರುವ ಘಟ್ಟದ ಮೇಲಿನ ಪ್ಲಾಂಟರುಗಳು ಅಲ್ಲಿ ಆಡುತ್ತಿದ್ದರು. ಆದ್ದರಿಂದ ಧಣಿಗಳು ಅದನ್ನು ಮುಚ್ಚಲಿಲ್ಲ. "ಮಾಸ್ಟ್ರೇ, ನಿಮಗೆ ಆಟ ಗೊತ್ತುಂಟು, ಇಂಗ್ಲಿಷ್ ಗೊತ್ತುಂಟು. ಇದನ್ನೂ ನೋಡಿಕೊಳ್ಳಿ" ಎಂದರು. ಕಪಾಟಿನಲ್ಲಿ ಆ ಬಿಳಿಯನ ಎರಡು ಗಾಲ್ಫ್ ಪುಸ್ತಕಗಳಿದ್ದವು. ನಿಘಂಟು ಹಿಡಿದು ಎರಡನ್ನೂ ಓದಿದೆ. ಆಡಿ ಕಲಿತೆ. ಹೀಗೆ ನಾನು ಗಾಲ್ಫ್ ಕಲಿಸುವವನಾದೆ. ಮುಂದೆ ಇಪ್ಪತ್ತಾರು ವರ್ಷ ಅದೇ ನನ್ನ ವೃತ್ತಿಯಾಯಿತು.

ಗಾಲ್ಫ್ ಎಂದರೆ ದೂರ ಹೊಡೆಯುವ ಆಟವೆಂದು ನೋಡದವರು ತಿಳಿಯುತ್ತಾರೆ. ಅರ್ಧ ಆಟ ಇರುವುದು ಕೊನೆಯ ಹತ್ತಡಿಯಲ್ಲಿ. ಗುಳಿಯ ಹತ್ತಿರ ಬಂದ ಚೆಂಡನ್ನು ನೆಲದ ಮೇಲೇ ಉರುಳಿಸಿ ಗುಳಿಗೆ ಬೀಳಿಸುವುದು ಪಟ್. ಅದಕ್ಕೆ ಬಳಸುವ ಚಪ್ಪಟೆ ಮುಖದ ಕೋಲು ಪಟರ್. ಗುಳಿಯ ಸುತ್ತಲಿನ ನುಣುಪು ಜಾಗವನ್ನು ಬೇರೆ ಕಡೆ ಹುಲ್ಲು ಬೆಳೆಸಿ ಮಾಡುತ್ತಾರೆ, ಅದು ಗ್ರೀನ್. ನಮ್ಮ ಕೆಂಪುಕಲ್ಲಿನ ಮೇಲೆ ಆ ಹುಲ್ಲು ಬದುಕದು. ನಾವು ಸಣ್ಣ ಮರಳಿಗೆ ಹಳೆ ಎಂಜಿನ್ ಎಣ್ಣೆ ಕಲಸಿ ಹರಡುತ್ತಿದ್ದೆವು. ಅದಕ್ಕೆ ಬ್ರೌನ್ ಎಂದು ಹೆಸರು. ಮಳೆಗಾಲದಲ್ಲಿ ಬ್ರೌನುಗಳು ತೊಳೆದು ಹೋಗುತ್ತಿದ್ದುದರಿಂದ, ಖಾಲಿ ಬಿದ್ದಿದ್ದ ಹಂಚು ಒಣಗಿಸುವ ಒಂದು ಶೆಡ್ಡಿನೊಳಗೆ ಅಭ್ಯಾಸಕ್ಕಾಗಿ ಒಂದು ನೆಲ ಮಾಡಿಸಿದೆ. ಹದಿನೆಂಟು ಅಡಿ ಉದ್ದ, ಹನ್ನೆರಡು ಅಡಿ ಅಗಲ. ಮಾಡಿದವರು ಬಾಬು ಮೇಸ್ತ್ರಿಯೇ. "ಚೆಂಡು ಯಾವ ಕಡೆಗೂ ವಾಲಬಾರದು ಮೇಸ್ತ್ರಿಗಳೇ" ಎಂದು ನಾನು ಹೇಳಿದ್ದೆ. ಸುಣ್ಣ, ಹಂಚಿನ ಪುಡಿ ಸೇರಿಸಿ ನಾಲ್ಕು ದಿನ ಬಡಿದು ಕನ್ನಡಿಯಂಥ ನೆಲ ಮಾಡಿಕೊಟ್ಟರು. ಅದರ ಮೇಲೆ ಎಣ್ಣೆಮರಳಿನ ತೆಳು ಪದರ ಹರಡಿದೆವು.

ಮೋನಪ್ಪನ ವಯಸ್ಸು ಮೂವತ್ತನಾಲ್ಕು. ಸುಟ್ಟ ಹಂಚುಗಳನ್ನು ಬೇರೆ ಮಾಡುವುದು ಅವನ ಕೆಲಸ. ಹಂಚನ್ನು ಎಡಗೈಯಲ್ಲಿ ತೂಗಿಬಿಟ್ಟು ಬಲಗೈ ಬೆರಳಿನ ಗೆಣ್ಣಿನಿಂದ ತಟ್ಟಿದರೆ ಒಳ್ಳೆಯದು ಗಂಟೆಯಂತೆ ಹೇಳುತ್ತದೆ, ಬಿರುಕಿನದು ಮಂಕಾಗಿ. ಆಮೇಲೆ ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಅಂಚು ನೋಡಬೇಕು, ಸೊಟ್ಟಗಿದ್ದರೆ ಬದಿಗೆ. ಹದಿನಾರು ವರ್ಷ ಹಂಚು ಸುಡುವ ಗೂಡಿನ ಬಾಯಿಯ ಧೂಳಿನಲ್ಲಿ ನಿಂತು ಇದನ್ನೇ ಮಾಡಿದ್ದ. ಭಾನುವಾರ ಪದವಿನಲ್ಲಿ ಪ್ಲಾಂಟರುಗಳ ಕೋಲಿನ ಚೀಲ ಹೊರುತ್ತಿದ್ದ. ಅವರು ಊಟಕ್ಕೆ ಇಳಿದಾಗ ತಾನೂ ನಾಲ್ಕು ಪಟ್ ಹೊಡೆಯುತ್ತಿದ್ದ. ಆ ಕೈ ನನ್ನ ಕಣ್ಣಿಗೆ ಬಿದ್ದಿತ್ತು.

ಆ ಮಳೆಗಾಲದಲ್ಲಿ ಅವನ ಕೆಮ್ಮು ಹೆಚ್ಚಿತು. ಕಲ್ಯಾಣಾಧಿಕಾರಿಯಾಗಿ ನಾನೇ ಅವನನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋದೆ. ಅವರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. "ಇನ್ನು ಎರಡು ವರ್ಷ ಇದೇ ಧೂಳಿನಲ್ಲಿ ನಿಲ್ಲಿಸಿದರೆ, ಆಮೇಲೆ ನನ್ನ ಹತ್ತಿರ ತಂದು ಪ್ರಯೋಜನವಿಲ್ಲ" ಎಂದರು. ಕಾರ್ಖಾನೆಯಲ್ಲಿ ಧೂಳಿಲ್ಲದ ಜಾಗ ಎಂದರೆ ಕಚೇರಿ ಮಾತ್ರ. ಓದು ಬರದವನಿಗೆ ಅಲ್ಲಿ ಏನು ಕೆಲಸ?

ಅದೇ ಸೆಪ್ಟೆಂಬರಿನಲ್ಲಿ ಘಟ್ಟದ ಮೇಲಿನ ಪ್ಲಾಂಟರುಗಳ ಕ್ಲಬ್ಬಿನಿಂದ ಧಣಿಗಳಿಗೆ ಒಂದು ಕಾಗದ ಬಂತು. ಅವರಿಗೆ ಒಬ್ಬ ಮಾರ್ಕರ್ ಬೇಕಾಗಿತ್ತು. ಮಾರ್ಕರ್ ಎಂದರೆ ಮೈದಾನ ನೋಡಿಕೊಂಡು ಹೊಸಬರಿಗೆ ಆಟ ಹೇಳಿಕೊಡುವವನು. ಸಂಬಳ, ಇರಲು ಮನೆ, ತಂಪು ಗಾಳಿ. ಜನವರಿಯಲ್ಲಿ ಕ್ಲಬ್ಬಿನ ಇಬ್ಬರು ಬಂದು ಪರೀಕ್ಷೆ ಮಾಡುತ್ತಾರೆ, ಪಾಸಾದರೆ ಯೋಗ್ಯತಾಪತ್ರ ಕೊಡುತ್ತಾರೆ. ನಾನು ಮೋನಪ್ಪನ ಹೆಸರು ಬರೆದು ಕಳಿಸಿದೆ.

ಮೊದಲು ಪಟರ್. ಬಿಳಿಯ ಬಿಟ್ಟುಹೋದ ಹಳೆಯದೊಂದಿತ್ತು. ಆತ ಆರಡಿಯ ಆಳು, ಮೋನಪ್ಪ ಐದಡಿ ಎರಡು ಇಂಚು. ಕೋಲು ಹಿಡಿದರೆ ತುದಿ ಹೊಟ್ಟೆಗೆ ತಾಗುತ್ತಿತ್ತು, ಕೆಳಗೆ ಪಟರಿನ ಮೂತಿ ನೆಲ ಬಿಟ್ಟು ಏಳುತ್ತಿತ್ತು. ಎರಡೂವರೆ ಇಂಚು ಕತ್ತರಿಸಿ, ಅಡಿ ಪೂರ್ತಿ ನೆಲಕ್ಕೆ ಕೂರುವಂತೆ ಕಾರ್ಖಾನೆಯ ಕಮ್ಮಾರನಿಂದ ಕತ್ತು ಬಗ್ಗಿಸಿದೆವು. ಪಟರಿನ ಮುಖದಲ್ಲಿ ಒಂದು ಬಿಂದು ಇರುತ್ತದೆ. ಚೆಂಡು ಅಲ್ಲಿ ತಾಗಿದರೆ ಕೋಲು ಕೈಯಲ್ಲಿ ತಿರುಚುವುದಿಲ್ಲ. ಅದನ್ನು ಹುಡುಕುವ ಬಗೆಯನ್ನು ನಾನು ಪುಸ್ತಕದ ಎರಡು ಪುಟ ಓದಿ ವಿವರಿಸುವಷ್ಟರಲ್ಲಿ ಮೋನಪ್ಪ ಕೋಲನ್ನು ಎರಡು ಬೆರಳಿನಲ್ಲಿ ತೂಗಿಬಿಟ್ಟು, ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟುತ್ತ ಹೋಗಿ, ಒಂದು ಕಡೆ ನಿಲ್ಲಿಸಿದ. "ಇಲ್ಲಿ ಮಾಸ್ಟ್ರೇ. ಇಲ್ಲಿ ಪೂರ್ತಿ ಹೇಳ್ತದೆ." ಮಾವನ ಡಬ್ಬಿಯ ಸುಣ್ಣದಿಂದ ಅಲ್ಲೊಂದು ಬೊಟ್ಟಿಟ್ಟ.

ನಿಲುವನ್ನು ನಾನು ಕಲಿಸಿದೆ. ಪಾದಗಳ ನಡುವೆ ಭುಜದಗಲ. ಭಾರ ಎರಡೂ ಕಾಲಿಗೆ ಸಮ. ಸೊಂಟದಿಂದ ಬಾಗಬೇಕು, ಕಣ್ಣು ನೇರ ಚೆಂಡಿನ ಮೇಲೆ ಬರಬೇಕು. ಬಂದಿದೆಯೇ ಎಂದು ನೋಡಲು ಮೂಗಿನ ಬುಡದಿಂದ ಇನ್ನೊಂದು ಚೆಂಡನ್ನು ಬಿಟ್ಟರೆ ಅದು ಕೆಳಗಿನ ಚೆಂಡಿಗೆ ಟಪ್ ಎಂದು ತಾಗಬೇಕು. ಮಣಿಕಟ್ಟು ಅಲುಗದೆ ಭುಜದಿಂದ ತೊಟ್ಟಿಲಿನಂತೆ ತೂಗಬೇಕು. ಮೋನಪ್ಪ ವಾರದಲ್ಲಿ ಇಷ್ಟನ್ನೂ ಹಿಡಿದ.

ಆದರೂ ಚೆಂಡು ಬೀಳಲಿಲ್ಲ. ಶೆಡ್ಡಿನ ಗುಳಿಗೆ ಒಂಬತ್ತು ಅಡಿಯಿಂದ ಹೊಡೆದರೆ ಪ್ರತಿಸಲ ಬಲಗಡೆ, ಅಂಚಿನಿಂದ ಎರಡು ಬೆರಳು ಆಚೆ. ಮೂರು ದಿನ ನೋಡಿದೆ. ಪುಸ್ತಕದಲ್ಲಿ ಇದಕ್ಕೆ ಕಾರಣಗಳ ಪಟ್ಟಿಯೇ ಇತ್ತು. ಪಟರಿನ ಮುಖ ತೆರೆದುಕೊಳ್ಳುತ್ತದೆ, ಚೆಂಡು ಬಲಗಾಲಿಗೆ ಹತ್ತಿರವಾಗಿದೆ, ಭುಜ ಬಲಕ್ಕೆ ನೋಡುತ್ತಿದೆ.

ಮೋನಪ್ಪ ಒಮ್ಮೆ ಕುಕ್ಕರಗಾಲಿನಲ್ಲಿ ಕೂತು, ಹಂಚಿನ ಅಂಚು ನೋಡುವಂತೆ ಒಂದು ಕಣ್ಣು ಮುಚ್ಚಿ ನೆಲ ನೋಡಿದ. "ಮಾಸ್ಟ್ರೇ, ನೆಲ ಹೊಳೆಬದಿಗೆ ಸ್ವಲ್ಪ ಇಳಿದ ಹಾಗೆ ಕಾಣ್ತದೆ."

"ನಿನ್ನ ಮಾವನೇ ಮಾಡಿದ ನೆಲ ಅಲ್ವಾ?" ಎಂದೆ ನಾನು. ಆದರೂ ಮೇಸ್ತ್ರಿಗಳನ್ನು ಕರೆಸಿ ಕೇಳಿದೆ, ನೆಲ ಸರಿ ಇದೆಯೇ ಎಂದು. ಅವರ ಮುಖ ಕೆಂಪಾಯಿತು. "ಕುಣಿಯಲಿಕ್ಕೆ ಬಾರದವ ಅಂಗಳ ನೋಡಿದ ಹಾಗಾಯ್ತು. ನನ್ನ ನೆಲಕ್ಕೆ ಇವತ್ತಿನವರೆಗೆ ಯಾರೂ ಬೆರಳು ತೋರಿಸಲಿಲ್ಲ. ಸರಿ ಉಂಟು" ಎಂದು ಹೇಳಿ ಎಲೆಯಡಿಕೆ ಉಗುಳಿ ಹೋದರು.

ಅಲ್ಲಿಗೆ ನಾನು ಮೋನಪ್ಪನ ಮಾತನ್ನು ಬಿಟ್ಟೆ. ಒಂದು ಕಡೆ ಐವತ್ತು ವರ್ಷ ನೆಲ ಬಡಿದ ಮೇಸ್ತ್ರಿ, ಇನ್ನೊಂದು ಕಡೆ ಅಚ್ಚಾದ ಪುಸ್ತಕ, ನಡುವೆ ಬಿ.ಎ. ಓದಿದ ನಾನು. ಅವನ ಮಾತು ಎಲ್ಲಿ ನಿಲ್ಲಬೇಕು? ಅವನ ಎಡಪಾದವನ್ನು ಹಿಂದಕ್ಕೆ ತೆಗೆಸಿದೆ, ಬಲಪಾದವನ್ನು ಮುಂದಕ್ಕೆ. ಚೆಂಡನ್ನು ಎಡಗಾಲಿನ ಹೆಬ್ಬೆರಳಿನ ಎದುರಿಗೆ ಇಡಿಸಿದೆ. ಅದೂ ಸಾಲದೆ ಕಮ್ಮಾರನಲ್ಲಿ ಪಟರಿನ ಕತ್ತನ್ನು ಎಡಕ್ಕೆ ಒಂದಿಷ್ಟು ತಿರುಚಿಸಿದೆ. ನವೆಂಬರ್ ಮುಗಿಯುವ ಹೊತ್ತಿಗೆ ಹತ್ತಕ್ಕೆ ಎಂಟು ಬೀಳತೊಡಗಿತು. ನಾನು ಗೆದ್ದೆನೆಂದುಕೊಂಡೆ. ಧಣಿಗಳಿಗೆ ಹೇಳಿಯೂ ಬಿಟ್ಟೆ.

ಡಿಸೆಂಬರ್ ಕೊನೆಯ ವಾರ ಅವರು ನಮ್ಮಿಬ್ಬರನ್ನೂ ಮೂಡುಬಿದಿರೆಯ ಮನೆಗೆ ಕರೆಸಿದರು. ಚಾವಡಿಯಲ್ಲಿ ಜಮಖಾನ ಹಾಸಿ, ಆ ತುದಿಗೆ ಹಿತ್ತಾಳೆಯ ಚೆಂಬೊಂದನ್ನು ಬಾಯಿ ನಮ್ಮ ಕಡೆಗೆ ಬರುವಂತೆ ಮಲಗಿಸಿ, "ತೋರಿಸು ಮಾರಾಯ ನಿನ್ನ ವಿದ್ಯೆ" ಎಂದರು. ಮೋನಪ್ಪ ಹತ್ತು ಚೆಂಡು ಉರುಳಿಸಿದ. ಎರಡು ಚೆಂಬಿಗೆ ತಾಗಿದವು. ಎಂಟು ಎಡಗಡೆಯಿಂದ ಹಾದು ಹೋಗಿ ಗೋಡೆಗೆ ಬಡಿದವು.

"ಎಂಥದು ಮಾಸ್ಟ್ರೇ? ಇವ ಹೊಡೆಯುವುದು ನೋಡಿದ್ರೆ ಚೆಂಬೇ ಪಾಪ ಕಂಡು ಎಡಕ್ಕೆ ಸರಿದು ಕೂತ್ಕೊಳ್ಬೇಕಷ್ಟೆ" ಎಂದು ಧಣಿಗಳು ನಕ್ಕರು. ಆಮೇಲೆ ನಗದೆ, "ಇನ್ನು ಹದಿನೈದು ದಿನ ಉಂಟು. ಆಗದಿದ್ದರೆ ಈಗಲೇ ಹೇಳಿ, ಕ್ಲಬ್ಬಿನವರಿಗೆ ಬೇರೆ ಜನ ನೋಡಿ ಅಂತ ಬರೆಯುವ" ಎಂದರು.

ಹಿಂತಿರುಗುವ ಬಸ್ಸಿನಲ್ಲಿ ಮೋನಪ್ಪ ಮಡಿಲಲ್ಲಿ ಪಟರ್ ಇಟ್ಟುಕೊಂಡು ಕೆಮ್ಮುತ್ತ ಕುಳಿತಿದ್ದ. ಬಹಳ ದೂರ ಬಂದ ಮೇಲೆ ಹೇಳಿದ: "ಸಿಟ್ಟು ಮಾಡ್ಬಾರ್ದು ಮಾಸ್ಟ್ರೇ. ಶೆಡ್ಡಿನಲ್ಲಿ ಮೊದಲು ಬಲಕ್ಕೆ ಎಷ್ಟು ಹೋಗ್ತಿತ್ತೋ ಇಲ್ಲಿ ಎಡಕ್ಕೆ ಅಷ್ಟೇ ಹೋಯ್ತು. ಅಳತೆ ಒಂದೇ."

ಅಷ್ಟು ಸಾಕಾಗಿತ್ತು. ಮರುದಿನ ಬೆಳಿಗ್ಗೆ ಶೆಡ್ಡಿಗೆ ಹೋಗಿ ಒಂದು ಮಾರು ಜಾಗದಲ್ಲಿ ಎಣ್ಣೆಮರಳು ಗುಡಿಸಿ ತೆಗೆದು, ಒಂದು ಚೆಂಬು ನೀರು ಸುರಿದೆ. ನೀರು ಒಂದು ಕ್ಷಣವೂ ಯೋಚಿಸಲಿಲ್ಲ. ಗುಳಿಯ ಬಲಬದಿಗಾಗಿ, ಹೊಳೆಯ ಕಡೆಯ ಮೂಲೆಗೆ ಸಾಲಾಗಿ ಹರಿದುಹೋಯಿತು. ಈ ನೀರು ನವೆಂಬರಿನಲ್ಲೂ ಇತ್ತು, ಚೆಂಬೂ ಇತ್ತು.

ಮೇಸ್ತ್ರಿಗಳನ್ನು ಕರೆಸಿದೆ. ಅವರು ಒದ್ದೆ ಸಾಲನ್ನು ನೋಡಿ ಸಮಾಧಾನದಿಂದಲೇ ಹೇಳಿದರು: "ನಾನೇ ಬಿಟ್ಟದ್ದು. ಗಜಕ್ಕೆ ಮೂರು ನೂಲು." ಒಂದು ಇಂಚಿನ ಎಂಟನೆಯ ಒಂದು ಪಾಲಿಗೆ ಮೇಸ್ತ್ರಿಗಳು ನೂಲು ಎನ್ನುತ್ತಾರೆ. "ನೀರು ಹೋಗ್ಬೇಡ್ವಾ?"

"ಮೇಲೆ ಮಾಡು ಉಂಟಲ್ಲ ಮೇಸ್ತ್ರಿಗಳೇ, ನೀರು ಎಲ್ಲಿಂದ ಬರ್ತದೆ?"

ಅವರು ತಲೆಯೆತ್ತಿ ಶೆಡ್ಡಿನ ಹಂಚಿನ ಛಾವಣಿ ನೋಡಿದರು. ಬಹಳ ಹೊತ್ತು ನೋಡಿದರು. "ಮಾಡು ಇವತ್ತು ಉಂಟು. ನಾಳೆ ಹಂಚು ಒಡೀತದೆ. ನೀರು ನಿಲ್ಲುವ ನೆಲ ಮಾಡಿದವ ನಾನಲ್ಲ."

"ನೆಲ ಸರಿ ಉಂಟಾ ಅಂತ ಕೇಳಿದಾಗ ಹೇಳ್ಬಹುದಿತ್ತಲ್ಲ?"

"ಸರಿ ಉಂಟು ಅಂದೆ. ಸರಿಯೇ ಉಂಟಲ್ಲ! ಇಳಿಜಾರು ಬಿಡದಿದ್ರೆ ಅದು ತಪ್ಪು ನೆಲ."

ಅವರು ಸುಳ್ಳು ಹೇಳಿರಲಿಲ್ಲ. ನಮ್ಮ ಕಡೆ ಇಷ್ಟು ಮಳೆ ನೋಡಿದ ಕೈ, ಮಾಡಿನ ಅಡಿಯಲ್ಲಿದ್ದರೂ, ಚೆಂಡು ವಾಲಬಾರದು ಎಂದು ಹೇಳಿದ್ದರೂ, ತನ್ನಷ್ಟಕ್ಕೆ ಇಳಿಜಾರು ಬಿಟ್ಟಿತ್ತು. ತಪ್ಪು ನನ್ನದು. ನೇರವಾಗಿ ಹೊಡೆಯುತ್ತಿದ್ದ ಒಬ್ಬನನ್ನು ನಾನು ಎರಡು ತಿಂಗಳು ಕಷ್ಟಪಟ್ಟು ಸೊಟ್ಟಗೆ ಮಾಡಿದ್ದೆ.

ಅದುವರೆಗೆ ನಾನು ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದೆ, ಅವನು ನನಗಿಂತ ನಾಲ್ಕು ವರ್ಷ ದೊಡ್ಡವನಾದರೂ. ಅವತ್ತು, "ಮೋನಪ್ಪಣ್ಣ, ನನ್ನಿಂದ ತಪ್ಪಾಯ್ತು. ನೀನು ಮೊದಲ ವಾರದಲ್ಲಿ ಹೇಗೆ ನಿಲ್ತಿದ್ದೆಯೋ ಹಾಗೆ ನಿಲ್ಲು" ಎಂದೆ.

ಅವನು ನಕ್ಕ. "ಅದನ್ನು ಮರೆಸಲಿಕ್ಕೆ ನೀವು ಎಷ್ಟು ಬೈದಿದ್ದೀರಿ! ಈಗ ಎಲ್ಲಿಂದ ತರುವುದು ಮಾಸ್ಟ್ರೇ?"

ನಿಜವಾದ ಕಷ್ಟ ಅದೇ. ಹದಿನಾಲ್ಕು ದಿನ ಉಳಿದಿತ್ತು. ತಿರುಚಿದ ಪಟರನ್ನು ನೆಟ್ಟಗೆ ಮಾಡುವಾಗ ಕಮ್ಮಾರ, "ಇದು ಮೂರನೇ ಸಲ ಬಗ್ಗಿಸುವುದು. ತುಂಡಾದ್ರೆ ನನ್ನ ಮೇಲೆ ಹಾಕ್ಬೇಡಿ" ಎಂದ. ತುಂಡಾಗಲಿಲ್ಲ. ನೆಲ ಒಡೆದು ಹೊಸದು ಮಾಡಲು ಸಮಯವಿರಲಿಲ್ಲ, ಮೇಸ್ತ್ರಿ ಒಪ್ಪುವವರೂ ಅಲ್ಲ. ಹಾಗಾಗಿ ಅದೇ ನೆಲದಲ್ಲಿ ಗುಳಿಯ ನಾಲ್ಕೂ ಕಡೆಯಿಂದ ಹೊಡೆಸಿದೆ. ಒಂದು ಕಡೆಯಿಂದ ಬಲಕ್ಕೆ ಇಳಿದರೆ ಎದುರಿನಿಂದ ಎಡಕ್ಕೆ; ಉಳಿದೆರಡರಲ್ಲಿ ಒಮ್ಮೆ ಏರು, ಒಮ್ಮೆ ಇಳಿತ. ನಿಲುವು ಮಾತ್ರ ಎಲ್ಲ ಕಡೆಯೂ ಒಂದೇ. ಇಳಿಜಾರಿಗೆ ತಕ್ಕಂತೆ ಗುರಿ ಬದಲಾಗಬೇಕು, ಮನುಷ್ಯನಲ್ಲ. ಪ್ರತಿ ಹೊಡೆತಕ್ಕೆ ಮುಂಚೆ ಅವನು ಕುಳಿತು ಒಂದು ಕಣ್ಣು ಮುಚ್ಚಿ ನೋಡಿ, ಇಷ್ಟು ಬೆರಳು ಎಂದು ಹೇಳಬೇಕು. ನಾನು ಬಾಯಿ ಮುಚ್ಚಿಕೊಂಡಿರಬೇಕು. ಎರಡನೆಯದೇ ಕಷ್ಟವಾಯಿತು.

ಪರೀಕ್ಷೆ ನಡೆದದ್ದು ಬೆಳ್ತಂಗಡಿಯಿಂದಾಚೆ ಘಟ್ಟದ ಬುಡದ ಒಂದು ರಬ್ಬರ್ ತೋಟದ ಬಂಗಲೆಯಲ್ಲಿ. ಬಂಗಲೆಯ ಎದುರು ಹುಲ್ಲಿನ ಗ್ರೀನ್ ಒಂದಿತ್ತು. ಮೋನಪ್ಪ ಹುಲ್ಲಿನ ಮೇಲೆ ಪಟ್ ಮಾಡಿದವನೇ ಅಲ್ಲ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಂದು ಸುತ್ತು ನಡೆದ. ಪರೀಕ್ಷಕರು ಇಬ್ಬರು, ಒಬ್ಬರು ಬಿಳಿಯರು, ಒಬ್ಬರು ನಮ್ಮ ದೇಶದವರೇ. ಹತ್ತು ಪಟ್, ಏಳು ಬೀಳಬೇಕು ಎಂದು ಹೇಳಿದರು.

ಆರು ಬಿದ್ದವು. ಒಂಬತ್ತನೆಯದಕ್ಕೆ ಕೆಮ್ಮು ಒತ್ತರಿಸಿ ಬಂದು ಕೈ ಅಲುಗಿತು. ಹತ್ತನೆಯದು ಗುಳಿಯ ಅಂಚಿನಲ್ಲಿ ಒಂದು ಸುತ್ತು ಹಾಕಿ ಹೊರಗೆ ನಿಂತಿತು. ಬಿಳಿಯರು ಕಾಗದದ ಮೇಲೆ ಏನೋ ಬರೆದರು. ಇನ್ನು ಉಳಿದದ್ದು ಕಲಿಸುವ ಪರೀಕ್ಷೆ ಮಾತ್ರ.

ತೋಟದ ಗುಮಾಸ್ತರೊಬ್ಬರನ್ನು ಹೊಸ ಆಟಗಾರನಾಗಿ ನಿಲ್ಲಿಸಿದರು. ಅವರು ಹೊಡೆದ ಮೂರು ಚೆಂಡೂ ಗುಳಿಯ ಎಡಕ್ಕೆ ಹೋದವು. ನಾನಾಗಿದ್ದರೆ ತಕ್ಷಣ ಅವರ ಭುಜ ಹಿಡಿಯುತ್ತಿದ್ದೆ. ಮೋನಪ್ಪ ಅವರ ಹತ್ತಿರವೇ ಹೋಗಲಿಲ್ಲ. ಗುಳಿಯ ಆಚೆ ಹೋಗಿ ಕುಕ್ಕರಗಾಲಿನಲ್ಲಿ ಕುಳಿತ, ಒಂದು ಕಣ್ಣು ಮುಚ್ಚಿದ. ಎದ್ದು ಬಂದು ಅವರ ಮೂಗಿನ ಬುಡದಿಂದ ಒಂದು ಚೆಂಡು ಬಿಟ್ಟು ನೋಡಿದ. ಟಪ್ ಎಂದು ತಾಗಿತು.

"ನಿಮ್ಮಲ್ಲಿ ಏನೂ ತಪ್ಪಿಲ್ಲ ಸ್ವಾಮಿ, ಹೀಗೇ ನಿಲ್ಲಿ. ನೆಲ ಎಡಕ್ಕೆ ಉಂಟು. ಗುಳಿಯನ್ನು ನೋಡ್ಬೇಡಿ, ಅದರ ಬಲಕ್ಕೆ ನಾಲ್ಕು ಬೆರಳು ಬಿಟ್ಟು ಆ ಒಣ ಹುಲ್ಲುಂಟಲ್ಲ, ಅದನ್ನು ನೋಡಿ ಹೊಡೀರಿ."

ಗುಮಾಸ್ತರು ಹೊಡೆದರು. ಚೆಂಡು ಒಣ ಹುಲ್ಲಿನ ಕಡೆಗೆ ಹೊರಟು, ನಡುದಾರಿಯಲ್ಲಿ ಮನಸ್ಸು ಬದಲಾಯಿಸಿದಂತೆ ಎಡಕ್ಕೆ ತಿರುಗಿ ಗುಳಿಗೆ ಬಿತ್ತು. ಗುಮಾಸ್ತರು ಜೀವಮಾನದಲ್ಲಿ ಮೊದಲ ಪಟ್ ಹಾಕಿದ ಸಂತೋಷಕ್ಕೆ ಕೋಲನ್ನು ಎತ್ತಿ ಹಿಡಿದರು. ಬಿಳಿಯರು ನನ್ನ ಕಡೆ ತಿರುಗಿ, ಇವನು ಏನು ಹೇಳಿದ ಎಂದು ಕೇಳಿದರು. ಇಂಗ್ಲಿಷಿನಲ್ಲಿ ಹೇಳಿದೆ. ಅವರು ಇನ್ನೊಬ್ಬರನ್ನು ನೋಡಿ, "ನಮ್ಮ ಹಳೆಯ ಮಾರ್ಕರ್ ಹತ್ತು ವರ್ಷ ನನ್ನ ಮೊಣಕೈಯನ್ನೇ ಸರಿಮಾಡುತ್ತಿದ್ದ" ಎಂದರು. ಬರೆದದ್ದನ್ನು ಹೊಡೆದುಹಾಕಿದ್ದು ನನಗೆ ಕಂಡಿತು.

ಆಮೇಲೆ ಇಪ್ಪತ್ತಾರು ವರ್ಷ ನನ್ನ ಹತ್ತಿರ ಕಲಿಯಲು ಬಂದವರಲ್ಲಿ ನ್ಯಾಯಾಧೀಶರಿದ್ದರು, ವೈದ್ಯರಿದ್ದರು, ಏನೂ ಅಲ್ಲದವರೂ ಇದ್ದರು. ಚೆಂಡು ತಪ್ಪಿದ ಕೂಡಲೇ ನಾನು ಅವರ ಕೈಕಾಲು ಮುಟ್ಟಿದ್ದಿಲ್ಲ. ಮೊದಲು ನೆಲ ನೋಡಿದೆ. ಅವರಿಗೇ ಏನು ಕಾಣುತ್ತದೆ ಎಂದು ಕೇಳಿದೆ. ಈ ಪಾಠ ಆ ಎರಡು ಪುಸ್ತಕಗಳಲ್ಲಿ ಇರಲಿಲ್ಲ; ನನ್ನ ಬಿ.ಎ.ಯಲ್ಲಂತೂ ಇರಲೇ ಇಲ್ಲ.

ಯೋಗ್ಯತಾಪತ್ರ ಫೆಬ್ರವರಿಯಲ್ಲಿ ಅಂಚೆಯಲ್ಲಿ ಕಚೇರಿಗೆ ಬಂತು. ದಪ್ಪ ಕಾಗದ, ಟೈಪು ಮಾಡಿದ ಹೆಸರು, ಕೆಳಗೆ ಎರಡು ಸಹಿ. ಮಧ್ಯಾಹ್ನದ ಸೈರನ್ ಆದ ಮೇಲೆ ಮೋನಪ್ಪನನ್ನೂ ಅವನ ಮಾವನನ್ನೂ ಶೆಡ್ಡಿಗೆ ಕರೆದೆ. ಮೋನಪ್ಪ ಕೈಗಂಟಿದ ಹಂಚಿನ ಪುಡಿಯನ್ನು ಮುಂಡಾಸಿಗೆ ಒರೆಸಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡ. ತನ್ನ ಹೆಸರು ಯಾವ ಸಾಲಿನಲ್ಲಿದೆ ಎಂದು ಕೇಳಿದ. ತೋರಿಸಿದೆ. ಅದರ ಮೇಲೆ ಬೆರಳಾಡಿಸಿ, ಕಾಗದವನ್ನು ಮಾವನ ಕೈಗೆ ಕೊಟ್ಟ.

ಬಾಬು ಮೇಸ್ತ್ರಿ ಓದು ಬಲ್ಲವರಲ್ಲ. ಕಾಗದವನ್ನು ತೋಳು ಚಾಚಿ ದೂರ ಹಿಡಿದು ನೋಡಿದರು, ಹತ್ತಿರ ತಂದು ನೋಡಿದರು. ಕಣ್ಣಿನ ಮಟ್ಟಕ್ಕೆ ಎತ್ತಿ ಅಂಚು ನೋಡಿದರು. ಕೆಳಗೆ ತಾವು ಮಾಡಿದ ನೆಲವನ್ನು ಒಮ್ಮೆ ನೋಡಿದರು. ನನ್ನ ಮುಖ ನೋಡದೆ, ಅಳಿಯನಿಗೆ ಹೇಳಿದರು:

"ಘಟ್ಟದ ಮೇಲೆ ಮನೆ ಕೊಟ್ಟ ಮೇಲೆ ಇದನ್ನು ಗೋಡೆಗೆ ಹಾಕುವಾಗ ನನಗೆ ಹೇಳಿ ಕಳಿಸು. ಬಸ್ಸಿನಲ್ಲಿ ಬರ್ತೇನೆ. ಮೊಳೆ ನಾನೇ ಹೊಡೀತೇನೆ. ಒಂದು ನೂಲೂ ಇಳಿಜಾರು ಬಿಡುವುದಿಲ್ಲ."